ಮನೆಯ ಮಗನ ಸೂತಕ

“ಮನೆಮಕ್ಕಳ ಹಾಗೆ ನೋಡಿಕೊಂಡವರೇ ತಿರುಗಿಬಿದ್ದರೆ ಮನುಷ್ಯ ಯಾರನ್ನು ನಂಬಬೇಕು, ಗುರುಗಳೇ?”

ರಂಗಧಾಮಯ್ಯ ಕೂರುವ ಮೊದಲೇ ಕೇಳಿಬಿಟ್ಟ. ಅವನಿಗೊಂದು ಹೊಲಿಗೆ ಕಾರ್ಖಾನೆ ಇತ್ತು. ಅಲ್ಲಿಯ ಹೆಂಗಸರು ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಿದ್ದರು. ಹೊತ್ತು ಮೀರಿ ದುಡಿಸಿಕೊಂಡದ್ದಕ್ಕೆ ಎರಡು ಪಟ್ಟು ಕೂಲಿ ಕೊಡಬೇಕು, ಹಿಂದಿನ ಬಾಕಿಯನ್ನೂ ತೀರಿಸಬೇಕು ಎಂದು ನೋಟಿಸು ಬಂದಿತ್ತು. ಅದನ್ನು ಓದಿದವನೇ ನೇರವಾಗಿ ಗುರುಗಳ ಬಳಿಗೆ ಬಂದಿದ್ದ.

“ದೂರಿಗೆ ಮೊದಲ ಸಹಿ ಪುಟ್ಟಗೌರಿಯದು,” ಎಂದ. “ಹೋದ ತಿಂಗಳು ಅವಳ ತಂದೆ ತೀರಿಕೊಂಡರು. ಅವತ್ತು ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಷ್ಟು ಗಡಿಬಿಡಿಯಲ್ಲೂ ಮರೆಯದೆ ಪೂಜೆಯ ಊಟ ಕಟ್ಟಿಸಿ ಅವಳ ಮನೆಗೆ ಕಳಿಸಿದೆ. ನೀವೆಲ್ಲ ನಮ್ಮ ಮನೆಯವರು ಕಣ್ರಮ್ಮಾ ಅಂತ ದಿನಾ ಹೇಳ್ತಿದ್ದೆ. ಮನೆ ಕೆಲಸಕ್ಕೆ ಯಾರಾದರೂ ಓಟಿ ಕೇಳ್ತಾರಾ?”

ಗುರುಗಳು ಕೂರು ಎಂದು ಚಾಪೆ ತೋರಿಸಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಬಟ್ಟೆಗೆ ಬಣ್ಣ ಹಾಕಿಸಿ ಮಾರುವುದು ಅವನ ಕಸುಬು. ಅವನ ಬಳಿ ಒಬ್ಬ ಆಳಿದ್ದ. ಆ ಊರಿನಲ್ಲೊಂದು ಕಟ್ಟಳೆ ಇತ್ತು. ದೀಪ ಹಚ್ಚುವವರೆಗೆ ದುಡಿದರೆ ಒಂದು ಕೂಲಿ. ದೀಪ ಹಚ್ಚಿದ ಮೇಲೂ ದುಡಿದರೆ ಆ ಹೊತ್ತಿಗೆ ಎರಡು ಪಟ್ಟು. ಆದರೆ ಬಣ್ಣದ ಕಡಾಯಿ ಒಮ್ಮೆ ಕಾದಮೇಲೆ ನಡುವೆ ಬಿಟ್ಟು ಏಳುವ ಹಾಗಿಲ್ಲವಲ್ಲ. ಆಳು ಹೆಚ್ಚುಕಡಿಮೆ ಪ್ರತಿದಿನವೂ ಕತ್ತಲಾದ ಮೇಲೆಯೇ ಮನೆಗೆ ಹೋಗುತ್ತಿದ್ದ. ಮೊಣಕೈವರೆಗೆ ಹತ್ತಿದ ಕೆಂಪು ಎಷ್ಟು ಉಜ್ಜಿದರೂ ಬಿಡುತ್ತಿರಲಿಲ್ಲ. ಎರಡು ಪಟ್ಟು ಕೂಲಿಯನ್ನು ಮಾತ್ರ ಅವನು ಕಣ್ಣಾರೆ ಕಂಡವನಲ್ಲ.

ಅವನ ತಾಯಿ ಹಾಸಿಗೆ ಹಿಡಿದಳು. ಔಷಧಕ್ಕೆ ದುಡ್ಡು ಬೇಕಾಯಿತು. ದೀಪದ ಹೊತ್ತಿನ ಕೂಲಿ ಕೊಡಿಸಿ ಎಂದು ಊರಿನ ಹಿರಿಯರ ಮುಂದೆ ಕೈಮುಗಿದು ನಿಂತ. ವ್ಯಾಪಾರಿಗೂ ಕರೆ ಹೋಯಿತು. ಅವನ ಕಣ್ಣು ತುಂಬಿಬಂತು. ಅದು ಸುಳ್ಳು ಕಣ್ಣೀರಲ್ಲ, ನಿಜಕ್ಕೂ ನೋವಾಗಿತ್ತು. ಇಂಥವರಿಗೆ ಇಂಥದ್ದಕ್ಕೆಲ್ಲ ಬಹಳ ನೋವಾಗುತ್ತದೆ.

“ಇವನು ಆಳಲ್ಲ ಸ್ವಾಮೀ, ನನ್ನ ಮನೆಯ ಮಗ,” ಎಂದು ದೀಪ ಮುಟ್ಟಿ ಹೇಳಿದ. “ಮಗನ ಕೈಗೆ ಕೂಲಿ ಕೊಟ್ಟು ಅವಮಾನ ಮಾಡಲೇ?”

ಹಿರಿಯರಿಗೆ ಆ ಮಾತು ಬಹಳ ಹಿಡಿಸಿತು. ಮನೆಯವರಿಗೆ ಕೂಲಿಯ ಕಟ್ಟಳೆ ಇಲ್ಲ ಎಂದು ಕಳಿಸಿಬಿಟ್ಟರು. ಆಳಿಗೆ ದುಡ್ಡು ಸಿಗಲಿಲ್ಲ. ಆದರೆ ಊರೆಲ್ಲ ಕೇಳುವಂತೆ ಮಗ ಎನಿಸಿಕೊಂಡಿದ್ದ. ಪಾಪ, ಅವನು ಆ ಮಾತನ್ನು ನಂಬಿಬಿಟ್ಟ. ಅಂದಿನಿಂದ ವ್ಯಾಪಾರಿಯನ್ನು ಅಪ್ಪ ಎಂದ, ವ್ಯಾಪಾರಿಯ ಮಗಳನ್ನು ತಂಗಿ ಎಂದ. ಯಾರೂ ಬೇಡ ಎನ್ನಲಿಲ್ಲ. ಅದರಿಂದ ಯಾರಿಗೂ ಕಾಸಿನ ಖರ್ಚಿರಲಿಲ್ಲ.

ರಂಗಧಾಮಯ್ಯನ ಮುಖ ಅರಳಿತು. ಆ ವ್ಯಾಪಾರಿಯ ಮೇಲೆ ಅವನಿಗೆ ಪ್ರೀತಿಯೇ ಬಂದಿತ್ತು. “ನಾನೂ ಇದನ್ನೇ ಅಲ್ಲವೆ ಹೇಳ್ತಾ ಇರೋದು!” ಎಂದ. ಗುರುಗಳು ಕೇಳಿಸದವರಂತೆ ಮುಂದುವರಿಸಿದರು.

ವ್ಯಾಪಾರಿಯ ಮಗಳಿಗೆ ಮದುವೆ ಗೊತ್ತಾಯಿತು. ಬೀಗರಿಗೆ ಉಡುಗೊರೆ ಕೊಡುವ ಬಟ್ಟೆಗಳಿಗೆಲ್ಲ ಬಣ್ಣವಾಗಬೇಕಿತ್ತು. ತಂಗಿಯ ಮದುವೆ ಎಂದು ಆಳು ಮೈಮುರಿದು ದುಡಿದ. ಮದುವೆಯ ಹಿಂದಿನ ದಿನವೂ ದೀಪ ಹಚ್ಚಿದರೂ ಏಳಲಿಲ್ಲ. ಅವನ ತಾಯಿ ಕೊನೆಯುಸಿರು ಎಳೆದಾಗ ಅವನು ಕಡಾಯಿಯ ಮುಂದಿದ್ದ. ಬಾಯಿಗೆ ಒಂದು ಗುಟುಕು ನೀರು ಬಿಡುವುದಕ್ಕೂ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಚಪ್ಪರದಲ್ಲಿ ಓಲಗ ನುಡಿಯುತ್ತಿತ್ತು. ಪುರೋಹಿತರು ಇನ್ನೇನು ಶಾಸ್ತ್ರ ಶುರುಮಾಡಬೇಕು, ಆಳು ಸುಡುಗಾಡಿನಿಂದ ನೇರವಾಗಿ ಓಡಿಬಂದ. ಮೈಮೇಲಿನ ಬಟ್ಟೆ ಇನ್ನೂ ಒದ್ದೆಯಾಗಿತ್ತು. ಚಪ್ಪರದೊಳಗೆ ಕಾಲಿಡದೆ ಹೊರಗೇ ನಿಂತು ಕೂಗಿದ.

“ಅಪ್ಪಾ, ಅವ್ವ ಹೋದಳು! ನಮ್ಮ ಮನೆಗೆ ಸೂತಕ ಬಂದಿದೆ. ಸೂತಕದಲ್ಲಿ ಧಾರೆ ಎರೆದರೆ ತಂಗಿಗೆ ಕೇಡು. ನಿಲ್ಲಿಸಪ್ಪಾ, ಹನ್ನೊಂದು ದಿನ ಕಳೀಲಿ.”

ಓಲಗ ನಿಂತಿತು. ಪುರೋಹಿತರು ಕೈಯಲ್ಲಿದ್ದ ಅಕ್ಷತೆಯನ್ನು ತಟ್ಟೆಗೆ ಸುರಿದುಬಿಟ್ಟರು. ಗಂಡಿನ ಕಡೆಯವರು ದಡಬಡ ಎದ್ದರು. ವ್ಯಾಪಾರಿಗೆ ಸಿಡಿಲು ಬಡಿದ ಹಾಗಾಯಿತು.

“ಯಾರೋ ನಿನಗೆ ಅಪ್ಪ?” ಎಂದು ಕಿರುಚಿದ. “ಕೂಲಿ ಆಳು ನೀನು! ನಿನ್ನ ತಾಯಿ ಸತ್ತರೆ ನನ್ನ ಮನೆಗೆಂಥ ಸೂತಕ?”

ಆಡಿದ ಮೇಲೆ ಏನು ಆಡಿದೆನೆಂದು ಅವನಿಗೇ ಹೊಳೆಯಿತು. ಅಂದು ದೀಪದ ಮುಂದೆ ಅವನ ಮಾತು ಕೇಳಿದ್ದ ಹಿರಿಯರೇ ಇಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರಿಗೂ ನಾಚಿಕೆಯಾಗಿತ್ತು. ಅವರಲ್ಲೊಬ್ಬರು ಎದ್ದು, ಮಗನಾದರೆ ಮದುವೆ ನಿಲ್ಲಿಸು, ಆಳಾದರೆ ದೀಪದ ಹೊತ್ತಿನ ಕೂಲಿಯನ್ನು ಇಲ್ಲೇ ಕೊಟ್ಟು ಮುಂದುವರಿಸು, ಎರಡರಲ್ಲಿ ಒಂದು ಈಗಲೇ ಹೇಳು ಎಂದರು. ವ್ಯಾಪಾರಿ ಒಳಗೆ ಹೋಗಿ ಮದುವೆಗೆಂದು ಕೂಡಿಟ್ಟಿದ್ದ ಹಣದ ಗಂಟನ್ನು ತಂದ. ಬೀಗರ ಕಣ್ಣೆದುರೇ ಅಷ್ಟೂ ವರ್ಷಗಳ ಬಾಕಿಯನ್ನು ಎರಡು ಪಟ್ಟಿನ ಲೆಕ್ಕದಲ್ಲಿ ಎಣಿಸಿಕೊಟ್ಟ.

ಆಳು ಹಣ ತೆಗೆದುಕೊಂಡ. ಬೇಡ ಎನ್ನಲಿಲ್ಲ. ಯಾಕೆ ಅನ್ನಬೇಕು? ಅದು ಅವನದೇ ದುಡಿಮೆ. ಕೆಂಪು ಹತ್ತಿದ ಆ ಕೈಗಳಿಂದ ಅದನ್ನು ಒದ್ದೆ ಬಟ್ಟೆಯ ತುದಿಗೆ ಕಟ್ಟಿಕೊಂಡ. ತಾಯಿಯನ್ನು ಕಳೆದುಕೊಂಡು ಓಡಿಬಂದವನಿಗೆ ಚಪ್ಪರದ ಬಾಗಿಲಲ್ಲಿ ತಂದೆಯೂ ಇಲ್ಲದಂತಾಗಿತ್ತು. ಒಮ್ಮೆ ತಂಗಿಯ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ. ಅವನು ಬಂದ ದಾರಿಯಲ್ಲೇ ಹೊರಟ. ಅವನ ಹಿಂದೆ ಓಲಗ ಮತ್ತೆ ಶುರುವಾಯಿತು.

ಗುರುಗಳು ಕತೆ ಮುಗಿಸಿದರು. ರಂಗಧಾಮಯ್ಯನಿಗೆ ಆ ವ್ಯಾಪಾರಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

“ಎಂಥ ನೀಚ, ಗುರುಗಳೇ! ನಾನು ಅವನ ಹಾಗಲ್ಲ. ಮನೆಯವರು ಅಂದರೆ ಮನಸಾರೆ ಅಂದವನು ನಾನು.”

ಗುರುಗಳು ಅವನನ್ನೇ ನೋಡಿದರು.

“ಪುಟ್ಟಗೌರಿಯ ತಂದೆ ಹೋದ ದಿನ ನಿನ್ನ ಮನೆಯ ಪೂಜೆ ನಿಂತಿತ್ತೇನಪ್ಪಾ?”