ಹುಳ ಮುಟ್ಟದ ಮಾಚಿಕಾಯಿ

“ಗುರುಗಳೇ, ನನ್ನ ಯೋಚನೆಯೇ ಇಲ್ಲದೆ ನನಗೆ ಉಪಕಾರ ಮಾಡಿದವನಿಗೆ ನಾನು ಋಣಿಯೋ, ಅಲ್ಲವೋ?” ಎಂದು ಶಿಷ್ಯ ಕೇಳಿದ.

ಕೇಳಲು ಕಾರಣವಿತ್ತು. ಹಿಂದಿನ ವಾರ ಹೊಳೆ ದಾಟುವಾಗ ಅವನು ಕಾಲು ಜಾರಿ ಸೆಳವಿಗೆ ಸಿಕ್ಕಿದ್ದ. ಅದೇ ಸೆಳವಿನಲ್ಲಿ ತೇಲಿಬರುತ್ತಿದ್ದ ಎಮ್ಮೆಯ ಬಾಲ ಕೈಗೆ ಸಿಕ್ಕಿತು. ಎಮ್ಮೆಯ ಒಡೆಯ ಎದೆಮಟ್ಟ ನೀರಿಗಿಳಿದು ಅದರ ಕೊರಳ ಹಗ್ಗ ಹಿಡಿದು ಎಳೆದ. ಎಮ್ಮೆ ದಡ ಸೇರಿತು. ಬಾಲದ ಜೊತೆ ಶಿಷ್ಯನೂ ಸೇರಿದ. ಈಗ ಆ ಮನುಷ್ಯ, ಶಿಷ್ಯನ ಜೀವ ಉಳಿಸಿದವನು ತಾನೇ ಎಂದು ಊರೆಲ್ಲ ತನ್ನ ಗುಣ ತಾನೇ ಹಾಡಿಕೊಂಡು ತಿರುಗುತ್ತಿದ್ದ.

“ಅವನು ಎಳೆದದ್ದು ಎಮ್ಮೆಯನ್ನು. ನಾನು ಬಾಲಕ್ಕೆ ಅಂಟಿಕೊಂಡಿದ್ದೆ, ಅಷ್ಟೆ. ಅವನ ಮನೆಗೆ ಹೋಗಿ ಕೈಮುಗಿಯಬೇಕೆ?”

ಗುರುಗಳಿಗೆ ನಗು ಬಂತು. “ಕೂತುಕೋ” ಎಂದು ಹೇಳಿ ಕತೆ ತೆಗೆದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಗ್ರಂದಿಗೆ ಅಂಗಡಿ ಇಟ್ಟಿದ್ದ. ಬೇರು, ತೊಗಟೆ, ಒಣಗಿದ ಕಾಯಿ, ಮನೆಮದ್ದಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಅವನ ಅಂಗಡಿಯ ಮಾಚಿಕಾಯಿ ಎಂದರೆ ಸುತ್ತಮುತ್ತ ಹೆಸರುವಾಸಿ. ನೋಡಲು ಮಕ್ಕಳ ಗೋಲಿಯಷ್ಟು. ಬಾಯಿಗಿಟ್ಟರೆ ನಾಲಿಗೆ ಮುದುಡಿಕೊಳ್ಳುವಂಥ ಒಗರು. ಒಗರಿನ ಗುಣ ಬಿಗಿಯುವುದು. ತೊಗಲು ಹದ ಮಾಡುವವರು ಒಯ್ಯುತ್ತಿದ್ದರು, ಅವರ ತೊಗಲು ಕೊಳೆಯುತ್ತಿರಲಿಲ್ಲ. ಮಸಿ ಮಾಡುವವರು ಕಬ್ಬಿಣದ ಬಾಣಲೆಯಲ್ಲಿ ಹಾಕಿ ಕುದಿಸುತ್ತಿದ್ದರು, ನೀರು ಕಾಡಿಗೆಯಂತೆ ಕಪ್ಪಾಗುತ್ತಿತ್ತು. ಬಾಯಿ ಹುಣ್ಣಿನವರು, ವಸಡು ಸಡಿಲಾದವರು ಕಷಾಯ ಮಾಡಿ ಮುಕ್ಕಳಿಸುತ್ತಿದ್ದರು.

ಮೂಟೆ ಬಂದ ದಿನ ವ್ಯಾಪಾರಿ ತಾನೇ ಕೂತು ಆರಿಸುತ್ತಿದ್ದ. ತೂತಿದ್ದದ್ದು ಒಂದು ಕಡೆ, ತೂತಿಲ್ಲದ್ದು ಇನ್ನೊಂದು ಕಡೆ. ತೂತಿದ್ದದ್ದನ್ನು ಹುಳುಕು ಎಂದು ತೊಗಲಿನವರಿಗೆ ಅಗ್ಗಕ್ಕೆ ಕೊಟ್ಟುಬಿಡುತ್ತಿದ್ದ. ತೂತಿಲ್ಲದ್ದನ್ನು ಭರಣಿಗೆ ತುಂಬಿ, “ಹುಳ ಮುಟ್ಟದ ಕಾಯಿ, ಬನ್ನಿ” ಎಂದು ಕೂಗುತ್ತಿದ್ದ. ಜನವೂ ಹಾಗೆಯೇ ಹೆಸರಿಟ್ಟು ಕೇಳುತ್ತಿದ್ದರು.

ಹೀಗಿರುವಾಗ ಬಾಣಂತನಕ್ಕೆ ತವರಿಗೆ ಬಂದಿದ್ದ ಅವನ ಒಬ್ಬಳೇ ಮಗಳಿಗೆ ಭೇದಿ ಹತ್ತಿತು. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹಾಲು ಬತ್ತಿತು. ಕೂಸು ಅತ್ತು ಅತ್ತು ಸುಸ್ತಾಯಿತು. ವ್ಯಾಪಾರಿ ಅಂಗಡಿ ಮುಚ್ಚಿ ಬಾಗಿಲಲ್ಲಿ ಕುಸಿದು ಕೂತ. ಸೂಲಗಿತ್ತಿ ಬಂದು ನೋಡಿದಳು.

“ಮನೆಯಲ್ಲಿ ಮೂಟೆಗಟ್ಟಲೆ ಮಾಚಿಕಾಯಿ ಇಟ್ಟುಕೊಂಡು ಮಗಳನ್ನು ಕಳಕೊಳ್ಳುತ್ತೀಯೇನಪ್ಪಾ? ಊರಿಗೆಲ್ಲ ಮಾರುವವನಿಗೆ ತನ್ನ ಮನೆಗೆ ಬೇಕಾದದ್ದು ನೆನಪಾಗಲಿಲ್ಲವೆ?”

ಅವಳೇ ಭರಣಿಗೆ ಕೈಹಾಕಿ ಒಂದು ಕಾಯಿ ತೆಗೆದು ಕಲ್ಲಿನ ಮೇಲೆ ತೇಯ್ದಳು. ತಿಳಿಮಜ್ಜಿಗೆಯಲ್ಲಿ ಕದಡಿ ಕುಡಿಸಿದಳು. ಮತ್ತೆ ಮತ್ತೆ ಕುಡಿಸಿದಳು. ಭೇದಿ ಕಟ್ಟಿತು. ಮಗಳು ಗಂಜಿ ಕೇಳಿದಳು. ಕೂಸಿಗೆ ಹಾಲು ಬಂತು.

ವ್ಯಾಪಾರಿಗೆ ಕಣ್ಣು ತುಂಬಿತು. ಸೂಲಗಿತ್ತಿಗೆ ಸೀರೆ ಉಡಿಸಿದ. ಅಷ್ಟಕ್ಕೇ ಮನಸ್ಸು ತೃಪ್ತಿಯಾಗಲಿಲ್ಲ. ಭರಣಿಯಿಂದ ಎಲ್ಲಕ್ಕಿಂತ ಒಳ್ಳೆಯ ಕಾಯೊಂದನ್ನು ಆರಿಸಿ ದೇವರ ಮುಂದೆ ಮಣೆಯ ಮೇಲಿಟ್ಟ. ಅರಿಶಿನ ಕುಂಕುಮ ಹಚ್ಚಿದ. “ನನ್ನ ಮಗಳನ್ನು ಉಳಿಸಿದವನು ನೀನು. ಉಸಿರಿರುವ ತನಕ ದಿನಾ ನಿನಗೊಂದು ಹೂ” ಎಂದು ಹರಕೆ ಹೊತ್ತ.

ಕೆಲವು ದಿನ ಹಾಗೇ ನಡೆಯಿತು. ಒಂದು ಬೆಳಗ್ಗೆ ದೇವರ ಮನೆಯಿಂದ ಮಗಳು ಕೂಗಿದಳು. “ಅಪ್ಪಾ, ಬಾ ಇಲ್ಲಿ! ನಿನ್ನ ದೇವರು ಹಾರಿಹೋಗುತ್ತಾ ಇದೆ!”

ವ್ಯಾಪಾರಿ ಓಡಿಬಂದ. ಕಾಯಿಗೆ ಸೂಜಿ ತೂರುವಷ್ಟು ತೂತು ಬಿದ್ದಿತ್ತು. ಸಣ್ಣದೊಂದು ಕಣಜ ಅರಿಶಿನದ ಮೇಲೆ ಹರಿದಾಡಿ, ರೆಕ್ಕೆ ಬಿಚ್ಚಿ, ಕಿಟಕಿಯಿಂದ ಹೊರಟುಹೋಯಿತು.

ಅವನಿಗೆ ಮೈ ಉರಿಯಿತು. ಕಾಯಿಯ ಮೂಟೆ ತರುತ್ತಿದ್ದವನು ಒಬ್ಬ ಅಲೆಮಾರಿ. ದೂರದ ಬೆಟ್ಟಸೀಮೆಯಿಂದ ಕತ್ತೆಯ ಮೇಲೆ ಹೇರಿಕೊಂಡು ಬರುತ್ತಿದ್ದ. ಅವನು ಮುಂದಿನ ಸಲ ಬಂದಾಗ ವ್ಯಾಪಾರಿ ಬೀದಿಯಲ್ಲೇ ತಡೆದು ನಿಲ್ಲಿಸಿದ. “ಹುಳುಕು ಮಾಲು ಕೊಟ್ಟು ನನ್ನ ಕೈಯಲ್ಲಿ ಹುಳಕ್ಕೆ ಪೂಜೆ ಮಾಡಿಸಿದೆಯಲ್ಲೋ!”

ಅಲೆಮಾರಿ ಬಿದ್ದು ಬಿದ್ದು ನಕ್ಕ. “ಹುಳ ಇಲ್ಲದ್ದನ್ನು ಎಲ್ಲಿಂದ ತರಲಿ ಶೆಟ್ಟರೇ? ಅದು ಕಾಯಿಯೇ ಅಲ್ಲ, ಮರದ ಗಾಯ. ಕಣಜ ಎಳೆಯ ಕಡ್ಡಿಯನ್ನು ಚುಚ್ಚಿ ಮೊಟ್ಟೆ ಇಡುತ್ತದೆ. ಮರ ತನ್ನ ಒಗರನ್ನೆಲ್ಲ ಅಲ್ಲಿಗೆ ತಂದು ಸುತ್ತ ಗೋಡೆ ಕಟ್ಟುತ್ತದೆ. ತೂತಿದ್ದರೆ ಹುಳ ಹೋಯಿತು ಅಂತ, ತೂತಿಲ್ಲದಿದ್ದರೆ ಒಳಗೇ ಇದೆ ಅಂತ. ಒಳಗಿರುವಾಗ ಕಿತ್ತರೇ ಒಗರು ಹೆಚ್ಚು. ನೀವು ಇಷ್ಟು ವರ್ಷ ಆರಿಸಿ ಆರಿಸಿ ಭರಣಿಗೆ ತುಂಬಿದ್ದು ಹುಳ ಇರುವುದನ್ನೇ.”

“ಹಾಗಾದರೆ ನನ್ನ ಮಗಳನ್ನು ಉಳಿಸಿದವರು ಯಾರು?”

“ಯಾರೂ ಅಲ್ಲ. ಕಣಜಕ್ಕೆ ತನ್ನ ಮರಿಗೊಂದು ಮನೆ ಬೇಕಿತ್ತು. ಮರಕ್ಕೆ ತನ್ನ ಗಾಯ ಮುಚ್ಚಬೇಕಿತ್ತು. ನನಗೆ ಕೂಳು ಬೇಕಿತ್ತು. ನಿಮ್ಮ ಮಗಳ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ.”

ವ್ಯಾಪಾರಿ ಒಳಗೆ ಹೋದ. ಆ ದಿನದ ಹೂ ಇನ್ನೂ ಏರಿಸಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಮಣೆಯ ಮುಂದೆ ನಿಂತ. ಯಾರಿಗೆ ಏರಿಸುವುದೆಂದು ತಿಳಿಯಲಿಲ್ಲ. ಎಸೆದುಬಿಡೋಣ ಎಂದೂ ಅನ್ನಿಸಿತು. ಪಕ್ಕದ ಕೋಣೆಯಲ್ಲಿ ಮಗಳು ಕೂಸಿಗೆ ಹಾಲೂಡಿಸುತ್ತ ಏನನ್ನೋ ಗುನುಗುತ್ತಿದ್ದಳು. ಅವನು ಬಹಳ ಹೊತ್ತು ಅದನ್ನೇ ಕೇಳುತ್ತ ನಿಂತ.

ಆಮೇಲೆ ಹೂವನ್ನು ಬಿಡಿಸಿದ. ಒಂದೆಸಳನ್ನು ಮರದ ಹೆಸರಿನಲ್ಲಿ ಕಾಯಿಯ ಮೇಲಿಟ್ಟ. ಒಂದನ್ನು ಕಣಜ ಹೋದ ಕಿಟಕಿಯಲ್ಲಿಟ್ಟ. ಉಳಿದದ್ದನ್ನು ಹೊರಗೆ ತಂದು ಅಲೆಮಾರಿಯ ಕೈಗೆ ಕೊಟ್ಟು ಕೈಮುಗಿದ.

“ಅಯ್ಯೋ, ನನಗ್ಯಾಕೆ ಶೆಟ್ಟರೇ?”

“ಇಸಕೋ. ನಿಮ್ಮಲ್ಲಿ ಒಬ್ಬರು ತಪ್ಪಿದ್ದರೂ ಒಳಗಿನ ಆ ದನಿ ನನಗಿರುತ್ತಿರಲಿಲ್ಲ.”

ಕತ್ತೆ ಕತ್ತು ಚಾಚಿ ಎಸಳುಗಳನ್ನು ಮೂಸಿತು. ಅದಕ್ಕೂ ಪಾಲು ಸಿಕ್ಕಿತು. ಅದು ತಿಂದುಬಿಟ್ಟಿತು.

ಅಂದಿನಿಂದ ಯಾರಾದರೂ ಬಂದು ಹುಳ ಮುಟ್ಟದ್ದು ಕೊಡಿ ಎಂದರೆ ವ್ಯಾಪಾರಿ, “ಹುಳ ಮುಟ್ಟಿದ್ದಕ್ಕೇ ಇದು ಮದ್ದಾಯಿತು ತಾಯಿ” ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಗುರುಗಳೇ, ಅವರಲ್ಲಿ ಒಬ್ಬರೂ ಅವನಿಗೋಸ್ಕರ ಮಾಡಲಿಲ್ಲವಲ್ಲ!”

ಗುರುಗಳು ಎದ್ದು ನಿಂತರು. “ನನಗೋಸ್ಕರ ಮಾಡಿದ್ದಕ್ಕೆ ಮಾತ್ರ ಕೈಮುಗಿಯುತ್ತೇನೆ ಅನ್ನುವವನು ತನ್ನ ಕಾಲಿಗೆ ತಾನೇ ಬಿದ್ದ ಹಾಗಲ್ಲವೇನಪ್ಪಾ?”

ಶಿಷ್ಯ ಎದ್ದು ಎಮ್ಮೆಯ ಒಡೆಯನ ಮನೆಯ ದಾರಿ ಹಿಡಿದ.