ಬೆಳಕು ಓದುವ ಪ್ಲೇಟು

ಊರಿಗೊಬ್ಬ ಪೆದ್ದ ಇದ್ದೇ ಇರುತ್ತಾನೆ. ಈ ಊರಿನ ಪಾಲಿಗೆ ಬಂದವನು ಚನ್ನವೀರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅವನ ತಾಯಿ ನೀಲವ್ವನ ಸಂಕಟವೇ ಅದು.

ನೀಲವ್ವನ ಗಂಡ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವನು. ತೀರಿಕೊಂಡು ಹನ್ನೆರಡು ವರ್ಷ. ಉಳಿದದ್ದು ಒಂದು ಗ್ರಾಮೊಫೋನು, ಒಂದು ಪ್ಲೇಟು, ಅದರಲ್ಲಿ ಅವನ ಒಂದೇ ಹಾಡು. ಸೋಮವಾರಕ್ಕೊಮ್ಮೆ ತಾಯಿ ಮಗ ಕೂತು ಕೇಳುವರು. ಮೊದಲು ಕರಕರ, ಆಮೇಲೆ ಹಾಡು. 'ದಾರಿ ಕಾಯುತ' ಎಂಬಲ್ಲಿ ಸೂಜಿ ಸಿಕ್ಕಿಕೊಳ್ಳುವುದು. ನೀಲವ್ವ ಪೆಟ್ಟಿಗೆಗೆ ಮೆಲ್ಲಗೆ ತಟ್ಟಿದರೆ ಹಾಡು ಮುಂದೆ ಹೋಗುವುದು.

ಸೀಡಿ ಅಂಗಡಿಯ ಪದ್ಮಣ್ಣ ಒಂದು ದಿನ ಬಂದ. ಪ್ಲೇಟು ಸವೆಯುತ್ತದೆ, ಸೀಡಿ ಸವೆಯುವುದಿಲ್ಲ. ಕರಕರ ಇಲ್ಲ, ಸೂಜಿ ಇಲ್ಲ, ಬೆಳಕೇ ಹಾಡನ್ನು ಓದುತ್ತದೆ ಎಂದ. ಪ್ಲೇಟಿನ ಹಾಡನ್ನು ಸೀಡಿಗೆ ಪುಕ್ಕಟೆ ಇಳಿಸಿಕೊಡುತ್ತೇನೆ ಎಂದೂ ಅಂದ.

ಪುಕ್ಕಟೆ ಅಂದದ್ದೇ ನೀಲವ್ವನಿಗೆ ಅನುಮಾನ. "ಸವೆಯಲಾರದ ಸಾಮಾನು ಮಾರಿದ್ರ, ಮುಂದಿನ ವರ್ಷ ಏನ್ ಮಾರ್ತಾನಿವ?"

ಆದರೆ ಗಂಡನ ದನಿ ವಾರವಾರಕ್ಕೂ ತೆಳ್ಳಗಾಗುತ್ತಿದ್ದುದು ಸುಳ್ಳಲ್ಲ. ಪ್ಲೇಟು ಕೊಟ್ಟು ಮಗನನ್ನು ಅಂಗಡಿಗೆ ಕಳಿಸಿದಳು. ಪ್ಲೇಟನ್ನು ಯಾರ ಕೈಗೂ ಕೊಡಬೇಡ ಎಂದು ಹೇಳಿದಳು.

ಚನ್ನವೀರ ಕೊಡಲಿಲ್ಲ. ಅಂಗಡಿಯಲ್ಲಿ ಪ್ಲೇಟನ್ನು ಎದೆಗವಚಿಕೊಂಡು ಸಂಜೆಯವರೆಗೆ ನಿಂತು, ವಾಪಸು ಬಂದ.

ಕೊಡದೆ ಪದ್ಮಣ್ಣ ಹಾಡು ಇಳಿಸುವುದು ಹೇಗೋ ಎಂದು ನೀಲವ್ವ ಬೈದಳು. ಕೊಡು, ಎದುರಿಗೇ ನಿಂತು ಇಳಿಸಿಕೋ, ಮನೆಗೆ ತಂದ ಕೂಡಲೇ ಹಚ್ಚು, ಅದು ನಿಮ್ಮಪ್ಪನದೇ ದನಿಯೋ ಅಲ್ಲವೋ ನೋಡೋಣ ಎಂದಳು.

ತಂದ. ತಂದ ಕೂಡಲೇ ಹಚ್ಚಿದ. ಮನೆಯಲ್ಲಿದ್ದದ್ದು ಗ್ರಾಮೊಫೋನು, ಸೀಡಿಯನ್ನು ಅದರ ಮೇಲಿಟ್ಟು ಸೂಜಿ ಇಳಿಸಿದ. ಸೀಡಿ ಕಿರುಚಿತು, ಮೈತುಂಬ ಗೀರು. ಆಮೇಲೆ ಪದ್ಮಣ್ಣನ ಯಂತ್ರವೂ ಅದನ್ನು ಓದಲಿಲ್ಲ.

"ಹಾಡಿಗೆ ಇನ್ನ ಸೂಜಿ ಮುಟ್ಟಿಸಬ್ಯಾಡ, ಬೆಳಕು ತೋರಿಸಬೇಕಂತ," ಎಂದಳು ನೀಲವ್ವ. ಪ್ಲೇಟು ಇದೆಯಲ್ಲ, ನಾಳೆ ಇನ್ನೊಂದು ಸೀಡಿ ಮಾಡಿಸೋಣ ಎಂದು ಸಮಾಧಾನ ಮಾಡಿಕೊಂಡಳು.

ಮರುದಿನ ಸೋಮವಾರ. ಅವಳು ಹಿಟ್ಟಿನ ಗಿರಣಿಗೆ ಹೋದಾಗ ಚನ್ನವೀರ ಪ್ಲೇಟನ್ನು ಮನೆಯ ತಗಡಿನ ಚಾವಣಿಯ ಮೇಲಿಟ್ಟ. ಮಟಮಟ ಮಧ್ಯಾಹ್ನ. ಕೆಳಗೆ ಕಿವಿಗೊಟ್ಟು ಕೂತ. ಅವಳು ಬರುವಷ್ಟರಲ್ಲಿ ಪ್ಲೇಟು ಬಿಸಿಲಿಗೆ ಬಗ್ಗಿ ಬಾಣಲೆಯಾಗಿತ್ತು.

"ಗದ್ದಲ ಮಾಡಬ್ಯಾಡವ್ವ, ಬೆಳಕು ಇನ್ನೂ ಓದಾಕತ್ತೈತಿ."

ನೀಲವ್ವ ಬೈಯಲಿಲ್ಲ. ಗ್ರಾಮೊಫೋನಿನ ಮುಂದೆ ಕುಸಿದು ಕೂತಳು. ಪೆಟ್ಟಿಗೆಯ ಮೇಲೆ ಕೈಯಿಟ್ಟು ಅಂದಳು: "ಇವತ್ತ ಸೋಮವಾರ. ಹೆಂಗಿತ್ತೋ ಹಂಗ ಆ ಹಾಡು ನನಗ ಕೇಳಿಸು."

ಚನ್ನವೀರ ಚಕ್ಕಳಮಕ್ಕಳ ಹಾಕಿದ. ಮೊದಲು ಗಂಟಲಲ್ಲಿ ಕರಕರ ಅಂದ. ಆಮೇಲೆ ಹಾಡಿದ. ದನಿ ಅಪ್ಪನದಲ್ಲ, ಅರ್ಧಕ್ಕಿಂತ ಹೆಚ್ಚು ಕತ್ತೆಯದು. ಆದರೆ ಒಂದು ಮಾತೂ ತಪ್ಪಲಿಲ್ಲ. 'ದಾರಿ ಕಾಯುತ' ಬಂತು. ದಾರಿ ಕಾಯುತ, ದಾರಿ ಕಾಯುತ, ದಾರಿ ಕಾಯುತ. ಸಾಕು, ಮುಂದೆ ಹೋಗು ಎಂದಳು. ಹೋಗಲಿಲ್ಲ. ನೆರೆಯವರು ಬಂದು ಹೇಳಿದರು. ಹೋಗಲಿಲ್ಲ.

ನೀಲವ್ವ ಎದ್ದು ಬಂದು ಅವನ ತಲೆಗೆ ಮೆಲ್ಲಗೆ ತಟ್ಟಿದಳು.

ಹಾಡು ಮುಂದೆ ಹೋಯಿತು.