ಹಿಂದೆ ನಿಂತವನು

"ಗುರುಗಳೇ, ನನ್ನ ಪ್ರಾರ್ಥನೆ ಮುಗಿದ ಮೇಲೂ ನಾನೇಕೆ ನಿಂತಿರಬೇಕು?"

ಕೇಳಿದವನು ನಫ್ತಾಲಿ, ರಬ್ಬಿಯ ಶಿಷ್ಯ. ಸಂಜೆಯ ಪ್ರಾರ್ಥನೆ ಮುಗಿದು ಸಭಾಮಂದಿರ ಬರಿದಾಗಿತ್ತು. ಹಗಲೆಲ್ಲ ಮಕ್ಕಳಿಗೆ ಪಾಠ ಹೇಳಿ ಅವನು ದಣಿದಿದ್ದ. ರಬ್ಬಿಯೂ ದಣಿದಿದ್ದರು.

ಯೆಹೂದ್ಯರ ಪ್ರಾರ್ಥನೆಯಲ್ಲಿ ಒಂದು ಭಾಗವನ್ನು ಎಲ್ಲರೂ ಎದ್ದು ನಿಂತು, ಪಾದ ಜೋಡಿಸಿ, ಪಿಸುದನಿಯಲ್ಲಿ ಹೇಳಬೇಕು. ಹೇಳಿ ಮುಗಿಸಿದವನು ಅರಸನ ಎದುರಿನಿಂದ ಸರಿಯುವವನಂತೆ ಮೂರು ಹೆಜ್ಜೆ ಹಿಂದಕ್ಕೆ ಇಡುತ್ತಾನೆ. ಆದರೆ ಅವನ ಬೆನ್ನ ಹಿಂದೆ ನಿಂತವನು ಇನ್ನೂ ಪ್ರಾರ್ಥಿಸುತ್ತಿದ್ದರೆ ಹೆಜ್ಜೆ ಇಡುವಂತಿಲ್ಲ. ಆ ಮನುಷ್ಯ ಮುಗಿಸುವವರೆಗೆ ಇದ್ದಲ್ಲೇ ಕಾಯಬೇಕು.

"ನನ್ನ ಹಿಂದೆ ನಿಲ್ಲುವ ಮುದುಕರು ಮುಗಿಸುವುದೇ ಇಲ್ಲ," ಎಂದ ನಫ್ತಾಲಿ. "ದಿನವೂ ಇದೇ ಕತೆ. ಕಾಲು ಸೋತುಹೋಗುತ್ತದೆ. ಕಾದು ಕಾದು, ಹೇಳಿದ ಪ್ರಾರ್ಥನೆಯೂ ಬಾಯಲ್ಲಿ ಕಹಿಯಾಗುತ್ತದೆ. ದೇವರು ನನ್ನನ್ನು ಬಿಟ್ಟರೂ ಈ ಮುದುಕರು ಬಿಡುವುದಿಲ್ಲ."

ರಬ್ಬಿಗೆ ನಗು ಬಂತು, ನಗುವಷ್ಟು ತ್ರಾಣವಿರಲಿಲ್ಲ. "ಕೂತುಕೋ. ನಿಂತದ್ದು ಸಾಕು," ಎಂದು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಕೆಟ್ಟವನಲ್ಲ, ಅವಸರದವನು. ಉಣ್ಣುವುದೂ ಅವಸರ, ಪ್ರಾರ್ಥಿಸುವುದೂ ಅವಸರ. ಅಲ್ಲಿಯ ಸಭಾಮಂದಿರ ಇಕ್ಕಟ್ಟಿನದು. ಅವನ ಹಿಂದೆ ನಿಲ್ಲುತ್ತಿದ್ದವನು ಒಬ್ಬ ಮುದಿ ಕುಂಬಾರ. ಆ ಕುಂಬಾರ ಒಂದೊಂದು ಮಾತನ್ನೂ ಹುಡುಕಿ ಹುಡುಕಿ ಹೇಳುತ್ತಿದ್ದ. ಅವನು ಮುಗಿಸುವವರೆಗೆ ವ್ಯಾಪಾರಿ ಕಂಬದಂತೆ ನಿಂತು ಒಳಗೊಳಗೇ ಕುದಿಯುತ್ತಿದ್ದ. ಹೊರಗಿನಿಂದ ನೋಡಿದವರಿಗೆ ಮಹಾ ಭಕ್ತನಂತೆ ಕಾಣುತ್ತಿದ್ದ, ಅದು ಬೇರೆ ಮಾತು.

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟ: "ಅಜ್ಜಾ, ದೇವರ ಹತ್ತಿರ ದಿನವೂ ಅಷ್ಟೊಂದು ಏನು ಮಾತು ನಿನಗೆ? ಬೇಗ ಮುಗಿಸಬಾರದೇ?"

"ಬೇಗ ಮುಗಿಸಬೇಕೆಂದೇ ನಿಲ್ಲುತ್ತೇನಪ್ಪ," ಎಂದ ಕುಂಬಾರ. "ಆಗುವುದಿಲ್ಲ."

ಮರುದಿನದಿಂದ ವ್ಯಾಪಾರಿ ಜಾಗ ಬದಲಿಸಿದ. ಕುಂಬಾರನ ಹಿಂದೆ, ಬಾಗಿಲಿಗೆ ಬೆನ್ನು ಮಾಡಿ ನಿಂತ. ಈಗ ಅವನ ಹಿಂದೆ ಯಾರೂ ಇಲ್ಲ. ಎಲ್ಲರಿಗಿಂತ ಮೊದಲು ಮುಗಿಸುತ್ತಿದ್ದ, ಮೂರು ಹೆಜ್ಜೆ ಹಿಂದಕ್ಕಿಟ್ಟರೆ ಹೊಸಿಲಿನ ಮೇಲಿರುತ್ತಿದ್ದ. ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡ. ಹೀಗೆಯೇ ವರ್ಷಗಳು ಕಳೆದವು.

ಆಮೇಲೆ ಅವನ ಮಗಳಿಗೆ ಜ್ವರ ಬಂತು. ಒಬ್ಬಳೇ ಮಗಳು. ವೈದ್ಯ ಬಂದು ನೋಡಿ, ಇನ್ನು ತನ್ನ ಕೈಯಲ್ಲಿ ಏನೂ ಇಲ್ಲವೆಂದು ಹೇಳಿ ಹೋದ. ಹೆಂಡತಿ ಮಗಳ ತಲೆದೆಸೆಯಿಂದ ಏಳದೆ ಹೇಳಿದಳು: "ಇಲ್ಲಿ ಕೂತು ಏನು ಮಾಡುತ್ತೀರಿ? ಹತ್ತು ಜನರ ಜೊತೆ ನಿಂತು ಕೇಳಿಕೊಂಡು ಬನ್ನಿ."

ವ್ಯಾಪಾರಿ ಬಂದು ತನ್ನ ಜಾಗದಲ್ಲಿ ನಿಂತ. ಪ್ರಾರ್ಥನೆಯ ನಡುವೆ, ನಮ್ಮನ್ನು ಗುಣಪಡಿಸು ಎಂದು ಬೇಡುವ ಸಾಲೊಂದು ಬರುತ್ತದೆ. ಅಲ್ಲಿ ರೋಗಿಯ ಹೆಸರು ಸೇರಿಸಬಹುದು. ಎಷ್ಟೋ ವರ್ಷ ಆ ಸಾಲನ್ನು ಅವನು ಒಂದೇ ಉಸಿರಿಗೆ ದಾಟಿದ್ದ. ಅಂದು ಮಗಳ ಹೆಸರು ಸೇರಿಸಿದ, ಮುಂದಕ್ಕೆ ಹೋಗಲಾಗಲಿಲ್ಲ. ಸಾಲು ದಾಟಿದರೆ ಮಗಳನ್ನು ಬಿಟ್ಟುಕೊಟ್ಟಂತೆ ಅನ್ನಿಸಿತು. ಮತ್ತೆ ಹೆಸರು ಹೇಳಿದ. ಮತ್ತೆ ಹೇಳಿದ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಕೊನೆಗೆ ಹೇಗೋ ಉಳಿದದ್ದನ್ನು ಹೇಳಿ, ಮೂರು ಹೆಜ್ಜೆ ಹಿಂದಕ್ಕಿಟ್ಟು ತಲೆಯೆತ್ತಿದ. ಕುಂಬಾರ ಪಾದ ಜೋಡಿಸಿ ನಿಂತೇ ಇದ್ದ. ಕುಂಬಾರ ಸರಿಯದೆ ಅವನ ಮುಂದಿನವನಿಗೆ ಜಾಗವಿಲ್ಲ, ಅವನೂ ನಿಂತಿದ್ದ. ದಿನವಿಡೀ ಮೂಟೆ ಹೊತ್ತು ಬಂದ ಹಮಾಲಿ ನಿಂತಿದ್ದ. ನಸುಕಿನಿಂದ ಒಲೆಯ ಮುಂದಿದ್ದ ರೊಟ್ಟಿಯವನು ನಿಂತಿದ್ದ. ಯಾರೂ ಕೆಮ್ಮಿರಲಿಲ್ಲ, ಯಾರೂ ತಿರುಗಿ ನೋಡಿರಲಿಲ್ಲ.

ಪ್ರಾರ್ಥನೆಯ ಉಳಿದ ಭಾಗ ಮುಗಿದ ಮೇಲೆ ವ್ಯಾಪಾರಿ ನಾಚಿಕೆಯಿಂದ ಕುಂಬಾರನ ಬಳಿ ಹೋದ. "ಅಜ್ಜಾ, ನನ್ನಿಂದ ಎಲ್ಲರಿಗೂ ತಡವಾಯಿತು."

"ತಡವಾಯಿತು. ಕಾಲೂ ಸೋತಿತು," ಎಂದ ಕುಂಬಾರ. "ಈಗ ಮಾತಾಡುತ್ತಾ ನಿಲ್ಲಬೇಡ. ಮನೆಗೆ ಹೋಗು."

ರಬ್ಬಿ ಅಷ್ಟಕ್ಕೇ ನಿಲ್ಲಿಸಿದರು. ನಫ್ತಾಲಿ ಕಾದ.

"ಆ ಹುಡುಗಿ ಏನಾದಳು, ಗುರುಗಳೇ? ಬದುಕಿದಳೇ?"

"ಕತೆಯ ಹುಡುಗಿಯ ಬಗ್ಗೆ ಕೇಳಿದೆ, ನಿನ್ನ ಹಿಂದೆ ನಿಲ್ಲುವ ಮುದುಕರ ಮನೆಯಲ್ಲಿ ಹಾಸಿಗೆ ಹಿಡಿದಿರುವವರು ಯಾರೆಂದು ಒಂದು ದಿನವೂ ಕೇಳಲಿಲ್ಲ."